ಶಾಂತಾಬಾಯಿ ಅತ್ತೆಯ ಜೇನು, ನನಗಿಲ್ಲದ ಮೂಲವ್ಯಾಧಿ

ಕಳೆದ ತಿಂಗಳು ಒಂದು ಬೆಳಿಗ್ಗೆ ನನಗೆ ಮೂಲವ್ಯಾಧಿ ಆಗಿರುವ ವಿಷಯ ಇಡೀ ಭಾತಂಬ್ರಾಕ್ಕೆ ಗೊತ್ತಾಗಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ಬೀದರಿನ ನನ್ನ ಮನೆಯಲ್ಲಿ ಮರದ ಕುರ್ಚಿಯ ಮೇಲೆ ಆರಾಮವಾಗಿ ಕುಳಿತು ಚಹಾ ಕುಡಿಯುತ್ತಿದ್ದೆ (ಮರದ ಕುರ್ಚಿ, ದಿಂಬಿಲ್ಲ. ಈ ವಿವರ ನೆನಪಿಟ್ಟುಕೊಳ್ಳಿ). ಫೋನ್ ಬಂತು. ಭಾತಂಬ್ರಾದ ವೈಜನಾಥ ಮಾಸ್ತರ್. ರಿಟೈರ್ ಆದ ಮೇಲೂ ಊರಿನ ಹಾಜರಿ ತೆಗೆದುಕೊಳ್ಳುವುದನ್ನು ಬಿಡದ ಮನುಷ್ಯ.

“ಹ್ಯಾಂಗದರಿ ಈಗ? ಕುಂದರ್ಲಾಕ ಬರ್ತದೇನ್ರಿ?”

“ಕುಂತೇ ಇದೀನ್ರಿ ಮಾಸ್ತರ. ಯಾಕ?”

“ಧೈರ್ಯ ಬಿಡಬ್ಯಾಡ್ರಿ. ಖಾರ ಕಡಿಮಿ ಮಾಡ್ರಿ, ಮಜ್ಜಿಗಿ ಕುಡೀರಿ. ಶಾಂತಾಬಾಯಿ ನಿಮ್ಮನ್ನ ನೋಡ್ಲಾಕಂತನೇ ಹೊಂಟಾರ. ನಾನೂ ಬರ್ತಿದ್ದೆ, ಊರಾಗ ಜರಾ ಕೆಲಸ ಅದರಿ.”

ಅವರ ಹಿಂದೆ ಯಾರೋ ‘ಔರಾದ, ಔರಾದ, ಸಂತಪುರ’ ಎಂದು ಕೂಗುತ್ತಿದ್ದರು. ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ ನಿಂತು ಔರಾದ ಬಸ್ಸಿಗೆ ಕೂಗುವವರು ಯಾರು ಎಂಬ ಸಣ್ಣ ಅನುಮಾನ ಬಂತು. ಆದರೆ ಮನುಷ್ಯನಿಗೆ ತನ್ನದೇ ಮೂಲವ್ಯಾಧಿಯ ಸುದ್ದಿ ಹೊಸದಾಗಿ ತಿಳಿದಾಗ ಸಣ್ಣ ಅನುಮಾನಗಳು ನಿಲ್ಲುವುದಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆಯೇ ಬಾಗಿಲಲ್ಲಿ ನಿಂತಿದ್ದಳು; ಬಸ್ಸಿನ ಕಂಡಕ್ಟರು ಕೈ ಹಿಡಿದು ಆಟೋ ಹತ್ತಿಸಿ ಕಳಿಸಿದ್ದನಂತೆ. ಶಾಂತಾಬಾಯಿ, ನಮ್ಮಪ್ಪನ ಅಕ್ಕ. ಕಣ್ಣಿಗೆ ಕಪ್ಪು ಕನ್ನಡಕ. ತೀರಿಹೋದ ಮಾವನಿಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ, ಪಕ್ಕದಲ್ಲೂ ಮುಚ್ಚುವ ದೊಡ್ಡ ಕನ್ನಡಕ. ಅದರ ಮೇಲೆ ಮೂಗಿನ ತನಕ ಇಳಿದ ಸೆರಗು.

“ಅತ್ತಿ, ನನಗ ಮೂಲವ್ಯಾಧಿ ಆಗ್ಯಾದ ಅಂತ ಊರಾಗ ಯಾರು ಹೇಳಿದ್ರು?”

“ನಾನೇ ಹೇಳೀನಿ,” ಎಂದಳು ಚಪ್ಪಲಿ ಬಿಡುತ್ತಾ. “ಊರು ಬಿಡ್ಲಾಕ ಒಂದು ಕಾರಣ ಬೇಕಲ್ಲ.”

“ಜ್ವರ ಬಂದದ ಅಂತ ಹೇಳಬೇಕಿತ್ತು.”

“ಜ್ವರ ಅಂದ್ರ ನಾಕು ಮಂದಿ ನೋಡ್ಲಾಕ ಸಂಗಟ ಬರ್ತಾರ. ಇದಕ್ಕ ಯಾರೂ ಬರಂಗಿಲ್ಲ.”

ನಾನು ಎದ್ದು ನನ್ನ ಮರದ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟೆ.

ಊರು ಬಿಡಲು ಅವಳಿಗೆ ಕಾರಣ ಏಕೆ ಬೇಕಿತ್ತು ಎಂಬುದನ್ನು ಹೇಳಬೇಕು. ಭಾತಂಬ್ರಾದಲ್ಲಿ ಅತ್ತೆ ಎಂದರೆ ಕಣ್ಣಿಗೆ ಜೇನು ಹಾಕುವ ಶಾಂತಾಬಾಯಿ. ಜೋಳದ ರಾಶಿ ಮಾಡುವಾಗ ಹೊಟ್ಟು ಬಿದ್ದರೆ, ಒಲೆ ಊದುವಾಗ ಬೂದಿ ಹಾರಿದರೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡು ಕಣ್ಣು ಕೆಂಪಾಗಿದ್ದರೆ ಮಂದಿ ಬರುವುದು ಅವಳ ಕಟ್ಟೆಗೆ. ವಿಧಾನ ಸರಳ. ಅವಳ ತೊಡೆಯ ಮೇಲೆ ತಲೆ ಇಟ್ಟು ಆಕಾಶ ನೋಡುತ್ತಾ ಮಲಗಬೇಕು. ಒಗೆದು ಬಿಳಿಯಾದ ಹಳೆಯ ಧೋತರದ ಎಳೆಯೊಂದನ್ನು ಜೇನಿನಲ್ಲಿ ಅದ್ದಿ ಕಣ್ಣಂಚಿಗೆ ಒಂದು ಹನಿ ಬಿಡುತ್ತಾಳೆ. ಆಮೇಲೆ ಆರ್ಡರ್: “ಅಳು. ಒರಸಬ್ಯಾಡ.”

ಅಳು ಎಂದು ಹೇಳುವ ಅಗತ್ಯವೇ ಇಲ್ಲ. ಆ ಉರಿ ಅಂಥದ್ದು. ಊರಿನ ಎಂತೆಂಥ ಮೀಸೆಯವರು ಆ ಕಟ್ಟೆಯ ಮೇಲೆ ಹಾಡುಹಗಲೇ ಗೊಳೋ ಎಂದು ಅತ್ತಿದ್ದಾರೆ. (ನಾನೂ ಅತ್ತಿದ್ದೇನೆ, ಆಗ ಮೀಸೆ ಇರಲಿಲ್ಲ.) ಆ ಕಣ್ಣೀರಿನ ಜೊತೆ ಹೊಟ್ಟು ಹರಿದು ಹೊರಗೆ ಬರುತ್ತಿತ್ತು. ಹೆಸರು ಮಾತ್ರ ಜೇನಿಗೆ ಹೋಗುತ್ತಿತ್ತು. ಅತ್ತೆ ಯಾರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿಯನ್ನೂ.

ಇದ್ದದ್ದು ಒಂದೇ ನಿಯಮ, ಅತ್ತೆಗೆ ಅವಳ ಅತ್ತೆಯಿಂದ ಬಂದದ್ದು. ಜೇನು ಬಿದ್ದ ಕಣ್ಣಿಗೆ ಬೇರೆ ಔಷಧ ತಾಕಬಾರದು. ತಾಕಿದರೆ ಜೇನು ಮುನಿಸಿಕೊಳ್ಳುತ್ತದೆ. ಮುನಿಸಿಕೊಂಡ ಜೇನು ಆ ಮನೆಯವರಿಗೆ ಮತ್ತೆ ಗುಣ ಕೊಡುವುದಿಲ್ಲ. ಡಾಕ್ಟರ ಬಳಿ ಹೋಗಿ ಬಂದವರನ್ನು ಅತ್ತೆ ಬೈಯುತ್ತಿರಲಿಲ್ಲ. ಅವರು ಕಟ್ಟೆ ಹತ್ತಿರ ಬಂದರೆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಬೈಗುಳ ಯಾರು ಲೆಕ್ಕಕ್ಕಿಡುತ್ತಾರೆ? ಊರಿನ ಮಂದಿ ಆ ಸೆರಗಿಗೆ ಹೆದರುತ್ತಿದ್ದರು.

ಹೀಗೆ ನಡೆದಿತ್ತು. ಆಮೇಲೆ ಒಂದರ ಹಿಂದೆ ಒಂದು ಮಳೆಗಾಲ ಕೈಕೊಟ್ಟಿತು.

ಹೂವೇ ಇಲ್ಲವೆಂದ ಮೇಲೆ ಜೇನು ಎಲ್ಲಿಯದು? ಬೀದರಿನಲ್ಲಿ ಜೇನುಹುಳಗಳೆಲ್ಲ ಕಬ್ಬಿನ ಹಾಲಿನ ಗಾಡಿಗೆ, ಸೋರುವ ನಲ್ಲಿಗೆ ಮುತ್ತಿಕೊಂಡವು. (ನಮ್ಮ ಓಣಿಗೆ ಟ್ಯಾಂಕರ್ ಬಂದರೆ ಕ್ಯೂನಲ್ಲಿ ನಮಗಿಂತ ಮುಂದೆ ಅವೇ.) ಭಾತಂಬ್ರಾದಲ್ಲಿ ಕೀಲಿ ಬಿದ್ದ ಬಾಗಿಲುಗಳು ಹೆಚ್ಚಾದವು. ಯಾರನ್ನು ಕೇಳಿದರೂ ಹೈದರಾಬಾದ್, ಇಲ್ಲವೇ ಪುಣೆ. ಅತ್ತೆಗೆ ಜೇನುಹುಟ್ಟು ಇಳಿಸಿ ಜೇನು ತಂದು ಕೊಡುತ್ತಿದ್ದ ಲಕ್ಷ್ಮಣನೂ ಹೊರಟುಹೋದ. ಬೇವಿನ ಗಿಡಕ್ಕೆ ಹಗ್ಗ ಬಿಗಿದು ಜೋತಾಡುತ್ತಿದ್ದವನು ಈಗ ಹೈದರಾಬಾದಿನ ಎತ್ತರದ ಕಟ್ಟಡಗಳಿಗೆ ಹಗ್ಗ ಬಿಗಿದು ಬಣ್ಣ ಬಳಿಯುತ್ತಾನೆ. “ಅವ್ವ, ಹುಟ್ಟೆಲ್ಲಾ ಇಲ್ಲೇ ಬಂದಾವ. ಬಿಲ್ಡಿಂಗಿಗಿ ಜೋತು ಬಿದ್ದಾವ,” ಎಂದು ಫೋನ್ ಮಾಡಿದ್ದನಂತೆ. ಹುಳಗಳೂ ಗುಳೆ ಹೋಗಿದ್ದವು.

ಅತ್ತೆಯ ಬಾಟಲಿ ತಳ ಕಂಡಿತು. ಅಷ್ಟರಲ್ಲಿ ಔರಾದ ಕಡೆಯಿಂದ ಒಬ್ಬ ಬಕೆಟ್ ಹಿಡಿದುಕೊಂಡು ಬಂದ. ಬಕೆಟ್ಟಿನಲ್ಲಿ ಜೇನು, ಜೇನಿನಲ್ಲಿ ಹುಟ್ಟಿನ ಒಂದು ತುಂಡು, ತುಂಡಿನ ಮೇಲೆ ನಾಲ್ಕು ಸತ್ತ ಹುಳ. ಹುಳಗಳೇ ಸರ್ಟಿಫಿಕೇಟ್. ಆದರೂ ಊರು ಸುಮ್ಮನೆ ಬಿಡುತ್ತದೆಯೇ? ಒಬ್ಬರು ಬೂದಿಯ ಮೇಲೆ ಹನಿ ಬಿಟ್ಟು ನೋಡಿದರು. ಒಬ್ಬರು ಬೆಂಕಿಕಡ್ಡಿ ಅದ್ದಿ ಗೀರಿದರು. ಒಬ್ಬರು ನಾಯಿಗೆ ಇಟ್ಟರು. ಅಸಲಿ ಜೇನನ್ನು ನಾಯಿ ಮೂಸುವುದಿಲ್ಲ ಎಂಬುದು ನಮ್ಮ ಕಡೆಯ ವಿಜ್ಞಾನ. ನಾಯಿ ಮೂಸಲಿಲ್ಲ. (ಬೇಸಿಗೆ ಮಧ್ಯಾಹ್ನ, ಆ ನಾಯಿ ಯಾವುದನ್ನೂ ಮೂಸುವ ಸ್ಥಿತಿಯಲ್ಲಿ ಇರಲಿಲ್ಲ.) ಜೇನು ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಬೂದಿ, ಬೆಂಕಿ, ನಾಯಿ ಎಲ್ಲ ಆದವು. ಕಣ್ಣಿನ ಪರೀಕ್ಷೆ ಮಾತ್ರ ಬಾಕಿ ಇತ್ತು.

ಅದನ್ನು ಅತ್ತೆಯೇ ಮಾಡಿದಳು. ಮೇವಿಲ್ಲದ ಕಾಲ, ಆಡುಗಳಿಗೆ ಜಾಲಿ ಸೊಪ್ಪೇ ಗತಿ. ಜಗ್ಗಿ ಹಿಡಿದಿದ್ದ ಕೊಂಬೆ ಕೈತಪ್ಪಿ ಚಿಮ್ಮಿ ಅವಳ ಬಲಗಣ್ಣಿಗೆ ಬಡಿಯಿತು. ಎಡಗಣ್ಣಿಗೆ ಪೊರೆ ಬಂದು ಯಾವ ಕಾಲವೋ ಆಗಿದೆ, ಅದರಲ್ಲಿ ಬೆಳಕು-ಕತ್ತಲೆ ಬಿಟ್ಟರೆ ಏನೂ ಕಾಣದು. ಆಪರೇಷನ್ ಎಂದರೆ ಪ್ರತಿ ವರ್ಷ “ಮುಂದಿನ ವರ್ಷ” ಎನ್ನುತ್ತಾಳೆ. ಅಂದರೆ ಅವಳ ರೊಟ್ಟಿ, ಆಡು, ಸೂಜಿ-ದಾರ, ಬಸ್ಸಿನ ಬೋರ್ಡು ಎಲ್ಲವೂ ಆ ಬಲಗಣ್ಣಿನ ಮೇಲೆ ನಡೆಯುತ್ತಿದ್ದವು.

ತನ್ನ ಕಣ್ಣಿಗೆ ತಾನೇ ಬಕೆಟ್ಟಿನ ಜೇನು ಹಾಕಿಕೊಂಡಳು. ಅತ್ತಳು, ಒರಸಿಕೊಳ್ಳಲಿಲ್ಲ. ಮರುದಿನ ಮತ್ತೆ. ಅದರ ಮರುದಿನ ಕಣ್ಣು ಬಿಡಲು ಆಗಲಿಲ್ಲ. ಈಗ ಹೇಳಿ, ಊರಿಗೆಲ್ಲ ನಿಯಮ ಹೇಳಿದವಳು ಜೇನು ಬಿದ್ದ ಕಣ್ಣು ಹಿಡಿದುಕೊಂಡು ಯಾವ ಮುಖದಿಂದ ಡಾಕ್ಟರ ಬಳಿ ಹೋಗಬೇಕು? ಹಾಗಾಗಿ ನನಗೆ ಮೂಲವ್ಯಾಧಿ ಆಯಿತು.

ಇಷ್ಟನ್ನು ಕೇಳಿ ನನಗೆ ನಗು ಬಂತು. “ಊರಿಗಿ ಉಪದೇಶ, ನಿನಗ ದವಾಖಾನಿ ಹೌದಲ್ಲೇನು?” ಎಂದು ಛೇಡಿಸಿದೆ. ಆಮೇಲೆ ಕನ್ನಡಕ ತೆಗೆಸಿದೆ.

ನಗು ಅಲ್ಲಿಗೇ ನಿಂತಿತು. ಕಣ್ಣು ಕೆಂಡದ ಹಾಗಿತ್ತು. ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ.

“ಅತ್ತಿ, ನಾ ಕಾಣ್ತೀನೇನು?”

“ದನಿ ಕೇಳಿಸ್ತದಲ್ಲ,” ಎಂದಳು.

ನನಗೆ ನಿಜವಾಗಿ ಹೆದರಿಕೆಯಾಯಿತು. ಗಾಡಿ ತೆಗೆದೆ. ಅವಳದು ಒಂದೇ ಷರತ್ತು, ಭಾತಂಬ್ರಾದ ಮಂದಿ ಬರದ ದವಾಖಾನೆ ಆಗಬೇಕು. ಯೋಚಿಸಿ ಹಳೇ ಊರಿನ ಸಂದಿಯೊಂದರ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಗೆ ಬೀದರ್ ಪಕ್ಕದ ಅಷ್ಟೂರದವರು, ಜನವಾಡದವರು ಬರುತ್ತಾರೆ; ಭಾತಂಬ್ರಾದವರು ಭಾಲ್ಕಿ ದಾಟಿ ಇಷ್ಟು ದೂರ ಏಕೆ ಬಂದಾರು ಎಂಬುದು ನನ್ನ ಲೆಕ್ಕ.

ಅತ್ತೆಯ ಹೆಸರಿನಲ್ಲಿ ಚೀಟಿ ಮಾಡಿಸಿ ತಿರುಗಿದಾಗ ಕಾಯುವ ಬೆಂಚಿನ ಮೇಲೆ ಮೊದಲು ಕಂಡದ್ದು ಅಗಲವಾಗಿ ತೆರೆದ ದಿನಪತ್ರಿಕೆ. ಅದರ ಕೆಳಗೆ ಪರಿಚಿತ ಧೋತರ. ಪಕ್ಕದಿಂದ ಇಣುಕಿದೆ. ವೈಜನಾಥ ಮಾಸ್ತರ್. ಪರೀಕ್ಷೆಗಾಗಿ ಎರಡೂ ಕಣ್ಣಿಗೆ ಹನಿ ಹಾಕಿ ಮುಚ್ಚಿಕೊಂಡಿರಲು ಹೇಳಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಪೇಪರ್ ಹಿಡಿದಿದ್ದರು.

“ಏನು ಮಾಸ್ತರ, ನೀವು ಊರಾಗ ಇದ್ರಲ್ಲ?”

ಪೇಪರ್ ಇಳಿಯಿತು. ಕಣ್ಣು ತೆರೆಯಲಿಲ್ಲ. “ಯಾರದು, ನೀವಾ? ನಾ ಸುಮ್ಮ ಒಬ್ಬರ ಸಂಗಟ ಬಂದೀನ್ರಿ.”

“ಯಾರ ಸಂಗಟ?”

“ಅವರು ಇನ್ನಾ ಬಂದಿಲ್ಲ.”

ಅವರ ಪಕ್ಕದಲ್ಲಿ ಸೆರಗನ್ನು ಗಲ್ಲದ ತನಕ ಎಳೆದುಕೊಂಡ ಹೆಂಗಸೊಬ್ಬಳು ಗೋಡೆಯ ಕಡೆ ತಿರುಗಿ ಕೂತಿದ್ದಳು. ಅತ್ತೆ ಹತ್ತಿರ ಹೋಗಿ ಎರಡೂ ಕಣ್ಣು ಕಾಣದಿದ್ದರೂ ಬಳೆಯ ಸದ್ದಿನಿಂದಲೇ ಗುರುತು ಹಿಡಿದಳು. “ಕಮಲಾ?” ಅತ್ತೆಯ ಗೋಡೆಗೆ ಗೋಡೆ ಹಚ್ಚಿದ ಮನೆಯವಳು.

“ನಾ ಮಾಸ್ತರ ಸಂಗಟ ಬಂದೀನಿ ಅಕ್ಕ,” ಎಂದಳು ಕಮಲಾಬಾಯಿ.

“ಯಾರದು, ಕಮಲಾಬಾಯೇನ್ರಿ?” ಎಂದು ಮಾಸ್ತರ್ ಬೆಚ್ಚಿಬಿದ್ದರು. ಅಷ್ಟು ಹೊತ್ತಿನಿಂದ ಪಕ್ಕದಲ್ಲಿ ಕೂತವಳು ಯಾರೆಂದು ಅವರಿಗೆ ಗೊತ್ತೇ ಇರಲಿಲ್ಲ.

ಈಗ ಅತ್ತೆಯ ಸರದಿ. ಸೊಂಟ ನೆಟ್ಟಗೆ ಮಾಡಿ, “ನಾ ನಮ್ಮ ಅಳಿಯನ ಸಂಗಟ ಬಂದೀನಿ. ಅವನಿಗಿ ಭಾಳ ತ್ರಾಸ ಆಗ್ಲಾಕತ್ತದ,” ಎಂದಳು.

ಕಮಲಾಬಾಯಿ ನನ್ನನ್ನು ಮರುಕದಿಂದ ನೋಡಿದಳು. ಅಷ್ಟೂರದ ಇಬ್ಬರು ಸರಿದು ಕೂತು ಜಾಗ ಬಿಟ್ಟರು. ಮಾಸ್ತರ್ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಯೋಚಿಸಿ, “ಖರೇ, ಆದ್ರ ಇದು ಕಣ್ಣಿನ ದವಾಖಾನಿ ಅಲ್ಲೇನ್ರಿ?” ಎಂದರು.

ಅತ್ತೆಯ ಮಾತಿನ ಮರ್ಯಾದೆಗೆ ನಾನು ಕೂರದೆ ನಿಂತೇ ಇದ್ದೆ. ಅಷ್ಟರಲ್ಲಿ ಒಳಗಿನಿಂದ ಕಂಪೌಂಡರ್ ಕೂಗಿದ. “ಶಾಂತಾಬಾಯಿ, ಭಾತಂಬ್ರಾ. ಕಣ್ಣಿಗಿ ಗಾಯ.”

ಅತ್ತೆ ಯಾರ ಕಡೆಗೂ ಮುಖ ತಿರುಗಿಸದೆ ನನ್ನ ಕೈ ಹಿಡಿದು ಒಳಗೆ ನಡೆದಳು.

ಡಾಕ್ಟರು ತರುಣ, ನಮ್ಮ ಜಿಲ್ಲೆಯವರೇ. ಯಂತ್ರದ ಮೇಲೆ ಅತ್ತೆಯ ಗದ್ದ ಇಡಿಸಿ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಮಾತು ಮೆತ್ತಗಿತ್ತು. “ಏನು ಬಡೀತು ಅವ್ವ?”

“ಜಾಲಿ ಟೊಂಗಿ.”

“ಏನು ಹಾಕೀರಿ ಕಣ್ಣಾಗ?”

“ನೀರು.”

“ಬರೇ ನೀರು?”

“ಬರೇ ನೀರು.”

ಡಾಕ್ಟರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. “ನೋಡ್ರಿ ಅವ್ವ, ಗಿಡದ ಟೊಂಗಿ ಬಡದ ಗಾಯದಾಗ ಹಳಸಿದ ರೊಟ್ಟಿಗಿ ಹಿಡಿದಂಗ ಬೂಸಲು ಹಿಡೀತದ. ಎಡಗಣ್ಣಂತೂ ಕಾಣಂಗಿಲ್ಲ. ಇದೂ ಹೋದ್ರ ಏನ್ ಮಾಡ್ತೀರಿ? ಏನು ಹಾಕೀರಿ ಅಂತ ಗೊತ್ತಾದ್ರ ನಾ ಅದರ ತಕ್ಕ ಪರೀಕ್ಷಾ ಮಾಡ್ತೇನಿ. ನನ್ನ ಮುಂದ ಖರೇ ಹೇಳ್ರಿ.”

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಮಾಸ್ತರರ ಧೋತರ ಕಾಣುತ್ತಿತ್ತು. ಅತ್ತೆಗೆ ಅದು ಕಾಣದಿದ್ದರೂ ಗೊತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ಆಮೇಲೆ ತೀರ ಸಣ್ಣಗೆ, “ಜೇನು,” ಎಂದಳು.

ಡಾಕ್ಟರು ನಗಲಿಲ್ಲ, ಬೈಯಲಿಲ್ಲ. “ಜೇನು ಕೆಟ್ಟದ್ದಲ್ಲ ಅವ್ವ. ಕೆಲವು ದೇಶದಾಗ ಜೇನಿನಿಂದ ಕಣ್ಣಿನ ಹನಿ ಮಾಡ್ಯಾರ. ಒಣಗಿದ ಕಣ್ಣಿಗಿ, ರೆಪ್ಪಿ ಬಾತಿದ್ರ ಹಾಕ್ತಾರ. ಕಣ್ಣಿನ ಮ್ಯಾಲಿನ ಗಾಯಕ್ಕ ಬರ್ತದೇನು ಅಂತ ಇನ್ನಾ ನೋಡ್ಲಾಕತ್ತಾರ. ಆದ್ರ...”

ಹೊರಗೆ ಮಾಸ್ತರರ ದನಿ ಎದ್ದಿತು. “ಕೇಳಿದ್ರೇನ್ರಿ? ಡಾಕ್ಟರ್ ಸಾಬರೇ ಹೇಳ್ಲಾಕತ್ತಾರ. ಶಾಂತಾಬಾಯಿ ಜೇನು ಫಾರಿನ್ನಾಗೂ ನಡೀತದ.”

ನಮ್ಮ ಮಂದಿಯ ಕಿವಿ ‘ಆದ್ರ’ ಎಂಬಲ್ಲಿಗೆ ಮುಚ್ಚಿಕೊಳ್ಳುತ್ತದೆ. ಮಾಸ್ತರರೊಬ್ಬರೇ ಅಲ್ಲ, ನಾವೆಲ್ಲ ಹಾಗೆಯೇ. ಬೆಳಗಾದರೆ ಮೊಬೈಲಿಗೆ ಬರುವ ಮೆಸೇಜುಗಳಲ್ಲಿ ‘ಆದರೆ’ ಇರುವುದನ್ನು ಎಂದಾದರೂ ನೋಡಿದ್ದೀರಾ? ಪ್ರಕೃತಿಯ ಕೊಡುಗೆ, ಸೈಡ್ ಎಫೆಕ್ಟ್ ಇಲ್ಲ, ಹತ್ತು ಜನಕ್ಕೆ ಕಳಿಸಿ. (ಅತ್ತೆಯ ಕಣ್ಣಿಗೆ ಬಡಿದ ಜಾಲಿ ಟೊಂಗೆಯೂ ಪ್ರಕೃತಿಯ ಕೊಡುಗೆಯೇ.)

‘ಆದ್ರ’ ಆದಮೇಲಿನ ಮಾತನ್ನು ಅತ್ತೆ ಪೂರ್ತಿ ಕೇಳಿದಳು. ಕಣ್ಣಿಗೆ ಹಾಕುವ ಆ ಜೇನನ್ನು ಶುದ್ಧ ಮಾಡಿ, ಅದರಲ್ಲಿರುವ ಕ್ರಿಮಿ ಕೊಂದು, ಅಳತೆ ನೋಡಿ ಬಾಟಲಿಗೆ ಹಾಕಿರುತ್ತಾರೆ. ಹುಟ್ಟಿನಿಂದ ಇಳಿಸಿದ್ದು, ಬಕೆಟ್ಟಿನಲ್ಲಿ ಬಂದದ್ದು ಎಷ್ಟೇ ಅಸಲಿ ಇರಲಿ, ಬಾಯಿಗೆ ಒಳ್ಳೆಯದು, ಗಾಯವಾದ ಕಣ್ಣಿಗೆ ಅಲ್ಲ. ಅದರ ಮೇಲೆ ಇದು ಟೊಂಗೆಯ ಗಾಯ, ತಡ ಮಾಡಿ ಕಾದು ನೋಡುವ ಗಾಯವೇ ಅಲ್ಲ. “ಇನ್ನ ಸ್ವಲ್ಪ ತಡ ಮಾಡಿದ್ರ ನಾ ಏನೂ ಮಾಡ್ಲಾಕ ಬರ್ತಿರಲಿಲ್ಲ. ಈಗ ಪ್ರಯತ್ನ ಮಾಡೋಣ,” ಎಂದರು ಡಾಕ್ಟರು.

ಹೊರಗೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಅಷ್ಟೂರದವರು ಕೂಡ ಕೈಮುಗಿದರು. ಮಾಸ್ತರ್ ಅತ್ತೆ ನಿಂತ ದಿಕ್ಕನ್ನು ಅಂದಾಜು ಮಾಡಿ ನಮಸ್ಕಾರ ಹಾಕಿದರು (ಬಿದ್ದದ್ದು ಕಂಪೌಂಡರನಿಗೆ). ಕಮಲಾಬಾಯಿ ಅತ್ತೆಯ ಕೈ ಹಿಡಿದುಕೊಂಡು, “ಅಕ್ಕ, ನಾ ನಿನಗ ಹೇಳದೆ ಬಂದೆ, ತಪ್ಪಾಯ್ತು. ನಡಿ, ಊರಿಗಿ ಹೋಗಿ ನೀನೇ ಜೇನು ಹಾಕು,” ಎಂದಳು. ಅವಳ ಕಣ್ಣೂ ಕೆಂಪಗಿತ್ತು. ಎಷ್ಟು ದಿನದಿಂದ ಮುಚ್ಚಿಟ್ಟುಕೊಂಡಿದ್ದಳೋ.

ಹೇಳುತ್ತೇನೆ ಕೇಳಿ. ಅತ್ತೆ ಆ ಹೊತ್ತಿಗೆ ಸುಮ್ಮನೆ ಇದ್ದುಬಿಟ್ಟಿದ್ದರೆ ಅವಳ ಹೆಸರು ಭಾತಂಬ್ರಾ ದಾಟಿ ಭಾಲ್ಕಿ, ಔರಾದ ಎಲ್ಲ ಕಡೆ ಹಬ್ಬುತ್ತಿತ್ತು. ಡಾಕ್ಟರೇ ಒಪ್ಪಿದ ಜೇನು, ಫಾರಿನ್ ಜೇನು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ನೀವು?

ಅತ್ತೆ ಕನ್ನಡಕ ತೆಗೆದಳು.

“ನೋಡು. ನಾ ನನ್ನ ಕಣ್ಣಿಗಿ ನಾನೇ ಹಾಕ್ಕೊಂಡೆ. ನೋಡು ಕಮಲಾ, ಇಲ್ಲಿ ನೋಡು.”

ಕಮಲಾಬಾಯಿ ನೋಡಿ ಬಾಯಿಗೆ ಸೆರಗು ಹಿಡಿದಳು. ಮಾಸ್ತರರೂ ಡಾಕ್ಟರ ಮಾತು ಮೀರಿ ಕಣ್ಣು ತೆರೆದರು, ಮಬ್ಬಿನಲ್ಲಿ ಏನು ಕಂಡಿತೋ, ಹಾಗೆಯೇ ಕೂತುಬಿಟ್ಟರು.

“ಮತ್ತ ನೀ ಹೇಳ್ತಿದ್ದಿ, ಬ್ಯಾರೆ ಔಷಧ ಹಾಕಿದ್ರ ಜೇನು ಮುನಿಸ್ಕೊಳ್ತದ ಅಂತ?” ಎಂದಳು ಕಮಲಾಬಾಯಿ.

“ಮುನಿಸ್ಕೊಳ್ತಿದ್ದದ್ದು ಜೇನಲ್ಲ ತಂಗಿ,” ಎಂದಳು ಅತ್ತೆ, “ನಾನು.”

ಆಮೇಲೆ ಮಾಸ್ತರ್ ಗಂಟಲು ಸರಿಮಾಡಿಕೊಂಡು, ತಾವು ಈ ದವಾಖಾನೆಗೆ ಎಷ್ಟೋ ವರ್ಷದಿಂದ ಬರುತ್ತಿರುವುದಾಗಿ ಒಪ್ಪಿಕೊಂಡರು. ಕಟ್ಟೆಯ ಮೇಲೆ ಜೇನು ಹಾಕಿಸಿಕೊಂಡು ಅತ್ತು, ಮರುದಿನ ಬಸ್ ಹತ್ತಿ ಇಲ್ಲಿಗೆ ಬರುತ್ತಿದ್ದರಂತೆ. ಭಾಲ್ಕಿಯಲ್ಲಿ ಯಾರಾದರೂ ನೋಡಿಬಿಟ್ಟಾರು ಎಂದು ಬೀದರ್. ಊರಿನ ಇನ್ನೂ ಯಾರ್ಯಾರು ಬರುತ್ತಾರೆ ಎಂಬುದನ್ನೂ ಹೇಳತೊಡಗಿದರು. ಹಾಜರಿ ಬಹಳ ಉದ್ದವಿತ್ತು. ಒಬ್ಬ ಹೆಂಗಸಿನ ಮನಸ್ಸು ನೋಯಬಾರದು ಎಂದು ಒಂದು ಊರು ಕದ್ದು ಕದ್ದು ಕಣ್ಣು ತೋರಿಸಿಕೊಳ್ಳುತ್ತಿತ್ತು. ಹೀಗೆ ಬಸ್ ಹತ್ತಲು ಆಗದೆ ಕಟ್ಟೆಯನ್ನೇ ನಂಬಿ ಕಾದವರು ಎಷ್ಟು ಮಂದಿಯೋ? ಅತ್ತೆ ಅದನ್ನೇ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ. ಅವತ್ತು ಜೇನು ಇಲ್ಲದೆಯೇ ಅತ್ತಳು.

ಬಾಗಿಲ ಬಳಿ ನಾನು ಮೆಲ್ಲಗೆ ಕೇಳಿದೆ. “ಅತ್ತಿ, ಎಲ್ಲಾ ಖರೇ ಹೇಳಿದಿ. ನನ್ನ ಮೂಲವ್ಯಾಧಿ ಸುದ್ದಿನೂ ಸುಳ್ಳಂತ ಹೇಳಿಬಿಡು.”

“ಒಂದೇ ದಿನ ಎಷ್ಟು ಖರೇ ಹೇಳ್ಲಪ್ಪ?” ಎಂದು ಗಾಡಿ ಹತ್ತಿದಳು.

ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಳು. ಗಂಟೆಗೊಮ್ಮೆ ಹನಿ. ನನ್ನ ಹೆಂಡತಿ ಸುನೀತಾ ಮೊಬೈಲಿನಲ್ಲಿ ಅಲಾರಾಂ ಇಟ್ಟು, ಅಡುಗೆ ಬಿಟ್ಟು ಓಡಿ ಬಂದು ಹಾಕುತ್ತಿದ್ದಳು. ಪ್ರತಿ ಸಲ ಹನಿ ಬೀಳುವಾಗ ಅತ್ತೆ ಅಭ್ಯಾಸಬಲದಿಂದ “ಅಳು, ಒರಸಬ್ಯಾಡ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬಿಳಿ ಚುಕ್ಕೆ ಮೊದಲು ಹಾಗೆಯೇ ಇತ್ತು. ನಾವು ಗಂಡ-ಹೆಂಡತಿ ಅವಳ ಎದುರು ನಗುತ್ತಿದ್ದೆವು, ಅಡುಗೆಮನೆಗೆ ಹೋಗಿ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆಮೇಲೆ ಅದು ಮೆಲ್ಲಗೆ ಕರಗುತ್ತಾ ಬಂತು. ಒಂದು ಬೆಳಿಗ್ಗೆ ಅತ್ತೆ ಚಹಾ ಕುಡಿಯುತ್ತಾ, “ನಿನಗ ಕಿವಿ ಮ್ಯಾಲ ಕೂದಲಾ ಬೆಳ್ಳಗಾಗ್ಯಾವಲ್ಲ,” ಎಂದಳು. ನನ್ನ ನರೆಗೂದಲನ್ನು ಕಂಡು ಮನೆಯಲ್ಲಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಕರಿಗುಡ್ಡೆಯ ಅಂಚಿನಲ್ಲಿ ಸಣ್ಣ ಮಸುಕು ಉಳಿದಿದೆ, ಉಳಿಯುತ್ತದಂತೆ. ಎಡಗಣ್ಣಿನ ಆಪರೇಷನ್ ಈ ವರ್ಷವೇ.

ಹೋದ ವಾರ ಭಾತಂಬ್ರಾಕ್ಕೆ ಬಿಟ್ಟು ಬಂದೆ. ಕಟ್ಟೆ ಮೊದಲಿನ ಹಾಗೆಯೇ ನಡೆದಿದೆ, ಕ್ರಮ ಬದಲಾಗಿದೆ. ಹೊಟ್ಟು ಬಿದ್ದವರಿಗೆ ಕಾಯಿಸಿ ಆರಿಸಿದ ನೀರು. ಏನಾದರೂ ಬಡಿದು ಬಂದವರಿಗೆ, ಕೆಂಪಾಗಿ ನೋವು ಎನ್ನುವವರಿಗೆ ನೀರೂ ಇಲ್ಲ, ನೇರ ಬಸ್ ಸ್ಟ್ಯಾಂಡ್. ಹೋಗುವ ಮುಂಚೆ ನಾಲಿಗೆಗೆ ಒಂದು ಹನಿ ಜೇನು. “ಬಾಯಿ ಸಿಹಿ ಮಾಡ್ಕೊಂಡು ಹೋಗ್ರಿ, ಮುನಿಸಿಲ್ಲ ನಾ,” ಎನ್ನುತ್ತಾಳೆ.

ಹೊರಡುವಾಗ ಕೇಳಿದೆ. “ಅತ್ತಿ, ಇದನ್ನ ಪೇಪರಿನಾಗ ಬರೀಲೇನು?”

“ಬರಿ. ನನ್ನ ಹೆಸರೂ ಹಾಕು. ಯಾರಾದರೂ ಓದಿ ಜಲ್ದಿ ದವಾಖಾನಿಗಿ ಹೋದಾರು.”

“ಹಾಂಗೇ ನನಗ ಮೂಲವ್ಯಾಧಿ ಇಲ್ಲಂತನೂ ಬರೀತೇನಿ.”

ಅತ್ತೆ ಆ ಬಲಗಣ್ಣಿನಿಂದ ನನ್ನನ್ನು ಮೇಲಿನಿಂದ ಕೆಳಗಿನ ತನಕ ಚೆನ್ನಾಗಿ ನೋಡಿದಳು.

“ಬರದ್ರ ಮಂದಿ ನಂಬ್ತಾರೇನು? ನಾನಂತೂ ನನ್ನ ಕಣ್ಣು ತೋರಿಸಿದೆ, ನಂಬಿದ್ರು. ನೀ ಏನ್ ತೋರಿಸ್ತಿ?”